ಕಿವಿಯಲ್ಲಿ ಉಳಿದ ತಮಿಳು ಚಿತ್ರಗಳು



ಸಿನಿಮಾದ ಬಗ್ಗೆ ರೇಡಿಯೊದಲ್ಲಿ ಮಾತನಾಡುವವರಿಗೆ ಒಂದು ಕಷ್ಟವಿದೆ. ತೋರಿಸಿ ಹೇಳಬೇಕಾದ್ದನ್ನು ಬರೀ ಬಾಯಲ್ಲಿ ಹೇಳಬೇಕು. ಹಳೆಯ ತಮಿಳು ಚಿತ್ರಗಳ ಮಟ್ಟಿಗೆ ನನಗೆ ಆ ಕಷ್ಟ ಇಲ್ಲ. ಆ ಚಿತ್ರಗಳನ್ನು ಜನ ನೋಡಿದ್ದು ಎಷ್ಟೋ, ಕೇಳಿದ್ದು ಅದಕ್ಕಿಂತ ಹೆಚ್ಚು. ಅರುವತ್ತು ಎಪ್ಪತ್ತು ವರ್ಷ ಕಳೆದರೂ ಅವು ಜನರ ನಡುವೆ ಬದುಕಿರುವುದಕ್ಕೆ ಮುಖ್ಯ ಕಾರಣ ಅವುಗಳ ದನಿ ಎಂದು ನಾನು ನಂಬಿದ್ದೇನೆ. ಇವತ್ತು ಆ ದನಿಗಳ ಬಗ್ಗೆಯೇ ಮಾತನಾಡುತ್ತೇನೆ.

1965ರಲ್ಲಿ ತೆರೆಗೆ ಬಂದ ‘ತಿರುವಿಳೈಯಾಡಲ್’ ಚಿತ್ರವನ್ನು ತೆಗೆದುಕೊಳ್ಳಿ. ಮಧುರೆಯ ಸೋಮಸುಂದರನ ಲೀಲೆಗಳ ಕಥೆ. ನಿರ್ದೇಶಕರು ಎ.ಪಿ. ನಾಗರಾಜನ್. ಅದರಲ್ಲಿ ದರುಮಿ ಎಂಬ ಬಡ ಕವಿಯ ಪ್ರಸಂಗ ಬರುತ್ತದೆ. ಹೆಣ್ಣಿನ ಕೂದಲಿಗೆ ಸಹಜವಾದ ಪರಿಮಳವಿದೆಯೋ ಇಲ್ಲವೋ ಎಂಬ ಪಾಂಡ್ಯ ರಾಜನ ಅನುಮಾನವನ್ನು ಪದ್ಯದಲ್ಲಿ ಬಗೆಹರಿಸಿದವರಿಗೆ ಸಾವಿರ ಹೊನ್ನು. ಪದ್ಯ ಬರೆಯಲು ಬಾರದ, ಹೊನ್ನು ಬೇಕೇಬೇಕಾದ ದರುಮಿ ದೇವಸ್ಥಾನದಲ್ಲಿ ಒಬ್ಬನೇ ಗೋಳಾಡುತ್ತಾನೆ. ಆ ಪಾತ್ರ ನಾಗೇಶ್ ಅವರದು. ಕಣ್ಣು ಮುಚ್ಚಿಕೊಂಡು ಆ ಭಾಗವನ್ನು ಕೇಳಿ. ಸಾವಿರ ಹೊನ್ನು ಎಂದು ನೆನೆದಾಗಲೆಲ್ಲ ದನಿ ಎಲ್ಲಿ ಒಡೆಯುತ್ತದೆ, ತನ್ನನ್ನು ತಾನೇ ಸಮಾಧಾನ ಮಾಡಿಕೊಳ್ಳುವಾಗ ಎಲ್ಲಿ ಕೆಳಗಿಳಿಯುತ್ತದೆ, ಎದುರಿಗೆ ಯಾರೋ ಬಂದು ನಿಂತರೆಂದು ಗೊತ್ತಾದ ಕೂಡಲೇ ಎಲ್ಲಿ ಗಂಟಲು ಸರಿಮಾಡಿಕೊಳ್ಳುತ್ತದೆ, ಎಲ್ಲವೂ ಕಿವಿಗೇ ಕಾಣುತ್ತದೆ. ಆಮೇಲೆ ಬರುವ ಶಿವನ ದನಿ ಬೇರೆಯದೇ ಲೋಕದ್ದು. ಶಿವಾಜಿ ಗಣೇಶನ್ ಅವರದು. ಒಬ್ಬರದು ಹಸಿವಿನ ದನಿ, ಇನ್ನೊಬ್ಬರದು ಯಾವ ಅವಸರವೂ ಇಲ್ಲದ ದೇವರ ದನಿ. ಮುಂದೆ ರಾಜಸಭೆಯಲ್ಲಿ ಶಿವನ ಪದ್ಯಕ್ಕೇ ತಪ್ಪು ಹೇಳುವ ನಕ್ಕೀರನಾಗಿ ಸ್ವತಃ ನಾಗರಾಜನ್ ನಿಲ್ಲುತ್ತಾರೆ. ಅದು ಎರಡು ಮೊನಚು ದನಿಗಳ ಕಾಳಗ.

ಅದೇ ಚಿತ್ರದಲ್ಲಿ ಕವಯಿತ್ರಿ ಔವೈಯಾರ್ ಆಗಿ ಕೆ.ಬಿ. ಸುಂದರಾಂಬಾಳ್ ಹಾಡುತ್ತಾರೆ. ಗರ್ವದ ಗವಾಯಿ ಹೇಮನಾಥ ಭಾಗವತರಾಗಿ ಟಿ.ಎಸ್. ಬಾಲಯ್ಯ ಬರುತ್ತಾರೆ, ಅವರಿಗೆ ಬಾಲಮುರಳಿಕೃಷ್ಣರ ಕಂಠ. ಆ ಗರ್ವವನ್ನು ಇಳಿಸಲು ಸೌದೆ ಮಾರುವವನ ವೇಷದಲ್ಲಿ ಬಂದ ಶಿವನಿಗೆ ಟಿ.ಎಂ. ಸೌಂದರರಾಜನ್ ಅವರ ಕಂಠ. ಶಿವಭಕ್ತ ಗಾಯಕ ಬಾಣಭದ್ರರಾಗಿ ಹಳೆಯ ಹಾಡುಗಾರ ನಟ ಟಿ.ಆರ್. ಮಹಾಲಿಂಗಂ. ತಮಿಳು ಚಿತ್ರರಂಗದ ಮೂವತ್ತು ವರ್ಷಗಳ ದನಿಗಳೆಲ್ಲ ಒಂದೇ ಚಿತ್ರದಲ್ಲಿ ಕೂಡಿವೆ. ಇದರ ಮಾತು ಹಾಡುಗಳ ಧ್ವನಿಮುದ್ರಿಕೆಗಳು ತಮಿಳುನಾಡಿನ ದೇವಸ್ಥಾನಗಳ ಉತ್ಸವಗಳಲ್ಲಿ ಧ್ವನಿವರ್ಧಕದಿಂದ ಊರಿಗೆಲ್ಲ ಕೇಳುತ್ತಿದ್ದವು. ಚಿತ್ರ ನೋಡದ ಮಕ್ಕಳಿಗೂ ದರುಮಿಯ ಮಾತು ಬಾಯಿಪಾಠವಾಗಿದ್ದು ಹಾಗೆ.

ಈ ದನಿ ಎಲ್ಲಿಂದ ಬಂತು? ಅದಕ್ಕೆ ಹಿಂದಕ್ಕೆ ಹೋಗಬೇಕು.

ಮೊದಲ ತಮಿಳು ವಾಕ್ಚಿತ್ರ ‘ಕಾಳಿದಾಸ್’ 1931ರ ಅಕ್ಟೋಬರ್ 31ರಂದು ಬಿಡುಗಡೆಯಾಯಿತು. ತಯಾರಾದದ್ದು ಮುಂಬಯಿಯಲ್ಲಿ, ನಿರ್ದೇಶನ ಎಚ್.ಎಂ. ರೆಡ್ಡಿಯವರದು. ನಾಯಕಿ ಟಿ.ಪಿ. ರಾಜಲಕ್ಷ್ಮಿ ತಮಿಳಿನಲ್ಲಿ ಮಾತನಾಡಿದರೆ ನಾಯಕ ತೆಲುಗಿನಲ್ಲಿ ಉತ್ತರ ಕೊಡುತ್ತಿದ್ದರು. ಜನ ಅದನ್ನೂ ಸಂತೋಷದಿಂದ ನೋಡಿದರು, ಏಕೆಂದರೆ ಪರದೆ ಮಾತನಾಡುತ್ತಿತ್ತು, ಹಾಡುತ್ತಿತ್ತು. ಮುಂದಿನ ಹತ್ತು ಹದಿನೈದು ವರ್ಷ ತಮಿಳು ಚಿತ್ರವೆಂದರೆ ಹಾಡುಗಳ ಸರಮಾಲೆ. ಹಾಡಲು ಬಾರದವರಿಗೆ ನಾಯಕನ ಪಾತ್ರವೇ ಇರಲಿಲ್ಲ. ಎಂ.ಕೆ. ತ್ಯಾಗರಾಜ ಭಾಗವತರ್ ಅಂದಿನ ಆರಾಧ್ಯ ದೈವ. ಅವರ ‘ಹರಿದಾಸ್’ 1944ರ ದೀಪಾವಳಿಗೆ ಮದರಾಸಿನ ಬ್ರಾಡ್‌ವೇ ಚಿತ್ರಮಂದಿರದಲ್ಲಿ ತೆರೆಕಂಡು ಮೂರು ದೀಪಾವಳಿಗಳನ್ನು ನೋಡಿತು. ಕೆ.ಬಿ. ಸುಂದರಾಂಬಾಳ್ ಅವರ ಕಥೆ ಇನ್ನೂ ದೊಡ್ಡದು. ಪತಿ, ರಂಗಗಾಯಕ ಎಸ್.ಜಿ. ಕಿಟ್ಟಪ್ಪ 1933ರಲ್ಲಿ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡ ಮೇಲೆ ಅವರು ಬಿಳಿ ಸೀರೆ ಉಟ್ಟು ರಂಗದಿಂದ ದೂರ ಸರಿದಿದ್ದರು. ಅವರನ್ನು ‘ನಂದನಾರ್’ ಚಿತ್ರಕ್ಕೆ ಒಪ್ಪಿಸಲು ನಿರ್ಮಾಪಕರು ಕೊಟ್ಟದ್ದು ಒಂದು ಲಕ್ಷ ರೂಪಾಯಿ. ಅದು 1935ನೇ ಇಸವಿ. ಆ ಕಾಲದ ಒಂದು ಲಕ್ಷ! ಅದಷ್ಟೂ ಒಂದು ಕಂಠಕ್ಕೆ ಕೊಟ್ಟ ಬೆಲೆ. ಮೂವತ್ತು ವರ್ಷದ ನಂತರ ‘ತಿರುವಿಳೈಯಾಡಲ್’ನಲ್ಲಿ ಕೇಳುವುದೂ ಅದೇ ಕಂಠ.

ಹಾಡಿನ ಜೊತೆಗೆ ಮಾತನ್ನೂ ತಯಾರು ಮಾಡಿದ್ದು ಬಾಲಕರ ನಾಟಕ ಕಂಪನಿಗಳು. ಶಂಕರದಾಸ ಸ್ವಾಮಿಗಳು ಬೆಳೆಸಿದ ಪರಂಪರೆ ಅದು. ಏಳೆಂಟು ವರ್ಷದ ಹುಡುಗರು ಕಂಪನಿ ಮನೆಗೆ ಸೇರುತ್ತಿದ್ದರು. ಹೆಚ್ಚಿನವರು ಮನೆಯಲ್ಲಿ ಊಟಕ್ಕಿಲ್ಲದೆ ಬಂದವರು. ಅಲ್ಲಿ ವಾಧ್ಯಾರರ ಕೈಯಲ್ಲಿ ಪಾಠ: ಹಾಡು, ಕುಣಿತ, ಕತ್ತಿವರಸೆ, ಎಲ್ಲಕ್ಕಿಂತ ಮುಖ್ಯವಾಗಿ ಮಾತು. ಧ್ವನಿವರ್ಧಕವಿಲ್ಲದ ಕಾಲ. ಕೊನೆಯ ಸಾಲಿನಲ್ಲಿ ನೆಲದ ಮೇಲೆ ಕುಳಿತವನಿಗೂ ಒಂದೊಂದು ಅಕ್ಷರ ಬಿಡಿಬಿಡಿಯಾಗಿ ಕೇಳಬೇಕು, ಕೇಳದಿದ್ದರೆ ಬೆನ್ನಿಗೆ ಏಟು. ಹುಡುಗನಿಗೆ ವಯಸ್ಸು ಬಂದು ದನಿ ಒಡೆದರೆ ಅವನ ಪಾತ್ರ ಬೇರೆಯವರ ಪಾಲಾಗುತ್ತಿತ್ತು. ಗಂಟಲನ್ನು ನಂಬಿ ಬದುಕಿದ ಮಕ್ಕಳು ಅವರು. ನಮ್ಮಲ್ಲಿ ಗುಬ್ಬಿ ವೀರಣ್ಣನವರ ಕಂಪನಿಯಲ್ಲಿ ಪಳಗಿ ಬಂದ ರಾಜಕುಮಾರ್ ಅವರ ಮಾತಿನ ಸ್ಪಷ್ಟತೆಯನ್ನು ಬಲ್ಲ ಕನ್ನಡಿಗರಿಗೆ ಈ ತರಬೇತಿಯ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಂಥ ಕಂಪನಿಯಿಂದ ಬಂದ ಹುಡುಗನೊಬ್ಬನ ಹೆಸರು ವಿ.ಸಿ. ಗಣೇಶನ್. ಬಾಲ್ಯದಲ್ಲಿ ಕಟ್ಟಬೊಮ್ಮನ ಕೂತ್ತು, ಅಂದರೆ ಬಯಲಾಟ, ನೋಡಿ ನಾಟಕದ ಹುಚ್ಚು ಹತ್ತಿಸಿಕೊಂಡವನು. ಸಿ.ಎನ್. ಅಣ್ಣಾದುರೈ ಬರೆದ ನಾಟಕದಲ್ಲಿ ಛತ್ರಪತಿ ಶಿವಾಜಿಯ ಪಾತ್ರ ಮಾಡಿದಾಗ ಅದನ್ನು ಮೆಚ್ಚಿದ ಪೆರಿಯಾರ್ ಅವರ ಬಾಯಿಂದ ‘ಶಿವಾಜಿ’ ಎಂಬ ಹೆಸರು ಬಂತು. 1952ರ ಅಕ್ಟೋಬರ್ 17, ದೀಪಾವಳಿಯ ದಿನ, ‘ಪರಾಶಕ್ತಿ’ ಬಿಡುಗಡೆಯಾಯಿತು. ನಿರ್ದೇಶನ ಕೃಷ್ಣನ್–ಪಂಜು ಜೋಡಿಯದು, ಸಂಭಾಷಣೆ ಎಂ. ಕರುಣಾನಿಧಿಯವರದು. ಎ.ವಿ.ಎಂ. ಸ್ಟುಡಿಯೊದ ಒಡೆಯ ಎ.ವಿ. ಮೆಯ್ಯಪ್ಪನ್ ಅವರಿಗೆ ಈ ಬಡಕಲು ಹುಡುಗನ ಮೇಲೆ ಮೊದಮೊದಲು ಭರವಸೆ ಇರಲಿಲ್ಲ. ನ್ಯಾಷನಲ್ ಪಿಕ್ಚರ್ಸ್‌ನ ಪಿ.ಎ. ಪೆರುಮಾಳ್ ಮಾತ್ರ ಇವನೇ ಇರಲಿ ಎಂದು ಹಟ ಹಿಡಿದರು. ಕ್ಯಾಮೆರಾದ ಮುಂದೆ ಶಿವಾಜಿ ಆಡಿದ ಮೊದಲ ಮಾತು ‘ಸಕ್ಸಸ್’. ಆತ ನಿಂತು ಆ ಮಾತಾಡಿದ ಜಾಗದಲ್ಲಿ ಎ.ವಿ.ಎಂ. ನವರೇ ಮುಂದೆ ಸ್ಮಾರಕವನ್ನೂ ನಿಲ್ಲಿಸಿದರು.

‘ಪರಾಶಕ್ತಿ’ಗೂ ಮುಂಚೆ ತಮಿಳು ಚಿತ್ರಗಳಲ್ಲಿ ಒಳ್ಳೆಯ ಸಂಭಾಷಣೆ ಇರಲಿಲ್ಲವೆಂದಲ್ಲ. 1942ರ ‘ಕಣ್ಣಗಿ’ಯಲ್ಲಿ ಇಳಂಗೋವನ್ ಬರೆದ ಮಾತುಗಳನ್ನು, ಅದರಲ್ಲೂ ನಟಿ ಕಣ್ಣಾಂಬಾ ಪಾಂಡ್ಯನ ಸಭೆಯಲ್ಲಿ ಆಡಿದ ಮಾತುಗಳನ್ನು ಜನ ತಲೆಯ ಮೇಲೆ ಹೊತ್ತುಕೊಂಡಿದ್ದರು. ಆದರೆ ‘ಪರಾಶಕ್ತಿ’ಯ ಕೋರ್ಟಿನ ದೃಶ್ಯದ ತೂಕವೇ ಬೇರೆ. ರಂಗೂನಿನಿಂದ ಬಂದು, ಎಲ್ಲ ಕಳೆದುಕೊಂಡು ಬೀದಿಗೆ ಬಿದ್ದ ಗುಣಶೇಖರನ್ ಕಟಕಟೆಯಲ್ಲಿ ನಿಂತು ಸಮಾಜವನ್ನೇ ವಿಚಾರಣೆಗೆ ಎಳೆಯುತ್ತಾನೆ. ಕರುಣಾನಿಧಿಯವರ ವಾಕ್ಯಗಳು ಉದ್ದ. ಪ್ರಾಸ, ಅನುಪ್ರಾಸ, ಒಂದರ ಮೇಲೊಂದು ಏರುವ ಪದಗಳು. ಉಸಿರು ಎಲ್ಲಿ ತೆಗೆದುಕೊಳ್ಳಬೇಕೆಂದು ಗೊತ್ತಿಲ್ಲದ ನಟನ ಕೈಯಲ್ಲಿ ಅವು ಸತ್ತೇ ಹೋಗುತ್ತಿದ್ದವು. ಶಿವಾಜಿಗೆ ಗೊತ್ತಿತ್ತು. ಒಂದು ವಾಕ್ಯದ ಕೊನೆಯನ್ನು ಎತ್ತರದಲ್ಲೇ ಹಿಡಿದು ನಿಲ್ಲಿಸಿ, ಮುಂದಿನದನ್ನು ಪಿಸುದನಿಯಲ್ಲಿ ಶುರುಮಾಡುವ ಧೈರ್ಯ ಅವರದು. ಆ ದೃಶ್ಯದ ಮಾತುಗಳು ಪುಸ್ತಿಕೆಗಳಾಗಿ ಬೀದಿಯಲ್ಲಿ ಮಾರಾಟವಾದವು, ಗ್ರಾಮೊಫೋನ್ ತಟ್ಟೆಗಳಲ್ಲಿ ಬಂದವು. ಸಿನಿಮಾದಲ್ಲಿ ಸೇರಬೇಕೆಂದು ಸ್ಟುಡಿಯೊ ಬಾಗಿಲಿಗೆ ಬಂದ ಹುಡುಗರೆಲ್ಲ ಅದನ್ನೇ ಒಪ್ಪಿಸುತ್ತಿದ್ದರು. ಈ ಚಿತ್ರದ ನಾಯಕಿ ನಮ್ಮ ಪಂಡರಿಬಾಯಿ. ಹರಿಕಥೆಯಲ್ಲಿ ಪಳಗಿದ ಕನ್ನಡತಿ. ಶಿವಾಜಿಯ ಬಿರುಸಿನ ಎದುರು ಅವರ ಶಾಂತವಾದ ದನಿ ಆ ಚಿತ್ರಕ್ಕೆ ಬೇಕೇಬೇಕಿತ್ತು. ಎರಡು ವರ್ಷದ ನಂತರ ‘ಬೇಡರ ಕಣ್ಣಪ್ಪ’ದಲ್ಲಿ ರಾಜಕುಮಾರ್ ಅವರ ಮೊದಲ ನಾಯಕಿಯಾದವರೂ ಅವರೇ. ಎರಡು ಭಾಷೆಗಳ ಇಬ್ಬರು ಮೇರುನಟರ ಮೊದಲ ಹೆಜ್ಜೆಗೆ ಜೊತೆಯಾದ ಈ ತಾಯಿಯನ್ನು ನಾವು ಇನ್ನಷ್ಟು ನೆನೆಯಬೇಕಿತ್ತು.

ಶಿವಾಜಿಯದು ಅತಿಯಾದ ಅಭಿನಯ ಎಂದು ಹೇಳುವವರಿದ್ದಾರೆ. ಇವತ್ತಿನ ಚಿತ್ರಗಳಲ್ಲಿ ಪಾತ್ರಗಳು ಗೊಣಗುವುದನ್ನೇ ಸಹಜವೆಂದು ಒಪ್ಪಿಕೊಂಡವರಿಗೆ ಹಾಗೆ ಕಾಣುವುದು ಆಶ್ಚರ್ಯವಲ್ಲ. ನಾನು ಅದನ್ನು ಒಪ್ಪುವುದಿಲ್ಲ. ಯಕ್ಷಗಾನದ ಅರ್ಥಧಾರಿಯನ್ನು ಯಾರೂ ಮನೆಮಾತಿನಂತೆ ಮಾತಾಡಿ ಎಂದು ಕೇಳುವುದಿಲ್ಲ. 1954ರ ‘ಮನೋಹರ’ ನೋಡಿ. ತಾಯಿಯ ಆಣೆಗೆ ಕಟ್ಟುಬಿದ್ದು, ಅವಮಾನವನ್ನೆಲ್ಲ ನುಂಗಿ ನಿಂತ ಮಗ, ಕೊನೆಗೆ ಸರಪಳಿಯಲ್ಲಿ ಬಂದಿ. ತಾಯಿ ಕಣ್ಣಾಂಬಾ ಅಷ್ಟು ಹೊತ್ತು ಕಟ್ಟಿಕೊಂಡಿದ್ದ ಬಾಯನ್ನು ಬಿಚ್ಚುತ್ತಾರೆ. ಅಂಥ ಕಥೆಗೆ ಅಂಥ ಕಂಠವೇ ಸರಿ. ಬೇಕಾದಾಗ ಕಂಠವನ್ನು ಇಳಿಸುವುದೂ ಶಿವಾಜಿಗೆ ಗೊತ್ತಿತ್ತು. ಅದೇ 1954ರಲ್ಲಿ ಎಸ್. ಬಾಲಚಂದರ್, ಹೌದು, ವೀಣೆಯ ಬಾಲಚಂದರ್ ಅವರೇ, ಎ.ವಿ.ಎಂ.ಗಾಗಿ ‘ಅಂದ ನಾಳ್’ ನಿರ್ದೇಶಿಸಿದರು. ಒಂದು ಹಾಡೂ ಇಲ್ಲದ ಮೊದಲ ತಮಿಳು ಚಿತ್ರ. ಯುದ್ಧಕಾಲದ ಮದರಾಸು, ಒಂದು ಕೊಲೆ, ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ಹೇಳುವ ಕಥೆ. ಶಿವಾಜಿ ದೇಶದ್ರೋಹಿ ಎಂಜಿನಿಯರ್, ಎದುರಿಗೆ ಮತ್ತೆ ಪಂಡರಿಬಾಯಿ. ನಾಯಕನಾಗಿ ಹೆಸರು ಮಾಡಿ ಎರಡು ವರ್ಷವೂ ತುಂಬಿರದ ನಟ ಅಂಥ ಪಾತ್ರ ಒಪ್ಪಿಕೊಂಡದ್ದು ಸಣ್ಣ ಮಾತಲ್ಲ. ಶಿವಾಜಿಯನ್ನು ಇನ್ನೂ ನೋಡದವರು ಯಾರಾದರೂ ಇದ್ದರೆ ‘ಪರಾಶಕ್ತಿ’ಯ ಮರುದಿನ ‘ಅಂದ ನಾಳ್’ ನೋಡಿ ಎಂದು ಕೇಳಿಕೊಳ್ಳುತ್ತೇನೆ.

ಶಿವಾಜಿಯ ದೊಡ್ಡ ಮಾತಿನ ಚಿತ್ರಗಳಲ್ಲಿ ಕೆಲವನ್ನು ತೆಗೆದವರು ಕೋಲಾರದ ಬೂದಿಕೋಟೆಯ ಬಿ.ಆರ್. ಪಂತುಲು. 1959ರ ‘ವೀರಪಾಂಡಿಯ ಕಟ್ಟಬೊಮ್ಮನ್’ ಅವರದು. ಬಾಲ್ಯದಲ್ಲಿ ಕೂತ್ತಿನಲ್ಲಿ ನೋಡಿದ ನಾಯಕನನ್ನೇ ಶಿವಾಜಿ ಪರದೆಯ ಮೇಲೆ ಆಡಿದರು. ಬ್ರಿಟಿಷ್ ಅಧಿಕಾರಿಯ ಎದುರು ಕಪ್ಪ ಕೊಡಲೊಲ್ಲದ ಕಟ್ಟಬೊಮ್ಮನ ಮಾತು ಇಂದಿಗೂ ತಮಿಳುನಾಡಿನ ಶಾಲೆಗಳ ವೇಷಸ್ಪರ್ಧೆಗಳಲ್ಲಿ ಕೇಳಿಬರುತ್ತದೆ. ಆ ಪಾತ್ರಕ್ಕೆ 1960ರಲ್ಲಿ ಕೈರೋದಲ್ಲಿ ನಡೆದ ಆಫ್ರೋ–ಏಷ್ಯನ್ ಚಿತ್ರೋತ್ಸವದಲ್ಲಿ ಅತ್ಯುತ್ತಮ ನಟ ಪ್ರಶಸ್ತಿ ಬಂತು. ಕನ್ನಡದಲ್ಲಿ ‘ಸ್ಕೂಲ್ ಮಾಸ್ಟರ್’, ‘ಕಿತ್ತೂರು ಚೆನ್ನಮ್ಮ’ ಕೊಟ್ಟ ಪಂತುಲು ಅವರೇ ಅದೇ ಕೈಯಲ್ಲಿ ತಮಿಳರಿಗೆ ಕಟ್ಟಬೊಮ್ಮನನ್ನೂ ವ.ಉ. ಚಿದಂಬರಂ ಪಿಳ್ಳೈಯವರನ್ನೂ ಕರ್ಣನನ್ನೂ ಕೊಟ್ಟರು. 1964ರ ‘ಕರ್ಣನ್’ಗೆ ವಿಶ್ವನಾಥನ್–ರಾಮಮೂರ್ತಿ ಸಂಗೀತ. ಸಾರಂಗಿ, ಶಹನಾಯಿಗಳ ಹಿಂದೂಸ್ತಾನಿ ನಾದ ಅದರಲ್ಲಿ ತುಂಬಿದೆ. ಕರ್ಣ ಬಾಣಗಳಿಂದ ಜರ್ಜರಿತನಾಗಿ ಬಿದ್ದಿರುವಾಗ ಸೀರ್ಕಾಳಿ ಗೋವಿಂದರಾಜನ್ ಅವರ ಕಂಠ ಏಳುತ್ತದೆ. ಆ ಹಾಡು ಕೇಳಿ ಕಣ್ಣು ಒದ್ದೆಯಾಗದವರನ್ನು ನಾನು ಕಂಡಿಲ್ಲ.

ಇನ್ನು ಎಂ.ಜಿ. ರಾಮಚಂದ್ರನ್. ಸಿಂಹಳದ ಕ್ಯಾಂಡಿಯ ಬಳಿಯ ನಾವಲಪಿಟ್ಟಿಯಲ್ಲಿ 1917ರಲ್ಲಿ ಹುಟ್ಟಿ, ತಂದೆಯನ್ನು ಕಳೆದುಕೊಂಡು, ಕುಂಭಕೋಣದಲ್ಲಿ ತಾಯಿಯ ಬಡತನ ನೋಡಿ, ಅಣ್ಣನ ಜೊತೆ ಮಧುರೆಯ ಬಾಲಕರ ಕಂಪನಿಗೆ ಸೇರಿದವರು. 1936ರ ‘ಸತಿ ಲೀಲಾವತಿ’ಯಲ್ಲಿ ಸಣ್ಣ ಪಾತ್ರ ಸಿಕ್ಕಿತು. ನಾಯಕನಾಗಲು 1947ರ ‘ರಾಜಕುಮಾರಿ’ಯವರೆಗೆ ಕಾಯಬೇಕಾಯಿತು. ಶಿವಾಜಿಯಂತೆ ಮಾತಿನ ಮಳೆಗರೆಯುವವರಲ್ಲ ಇವರು. ಕತ್ತಿ, ಚಲನೆ, ನಗುಮುಖ, ತಾಯಿಯನ್ನು ಕಂಡಾಗ ಕೈಮುಗಿಯುವ ರೀತಿ, ಇವೇ ಅವರ ಬಂಡವಾಳ. ಅವರ ಮಾತುಗಳೆಲ್ಲ ಚಿಕ್ಕವು. ಹೇಳಬೇಕಾದ ದೊಡ್ಡದನ್ನೆಲ್ಲ ಸೌಂದರರಾಜನ್ ಅವರ ಕಂಠದ ಹಾಡುಗಳಿಗೆ ಬಿಟ್ಟುಕೊಟ್ಟರು. ಜನ ಅವರನ್ನು ‘ವಾತ್ಯಾರ್’, ಅಂದರೆ ಮೇಷ್ಟ್ರು, ಎಂದು ಕರೆದದ್ದು ಆ ಹಾಡುಗಳಲ್ಲಿದ್ದ ಬುದ್ಧಿಮಾತಿಗಾಗಿಯೂ ಹೌದು.

1967ರ ಜನವರಿ 12ರಂದು ಸಹನಟ ಎಂ.ಆರ್. ರಾಧಾ ಅವರ ಪಿಸ್ತೂಲಿನ ಗುಂಡು ಎಂ.ಜಿ.ಆರ್. ಅವರ ಕುತ್ತಿಗೆಗೆ ಹೊಕ್ಕಿತು. ಪ್ರಾಣ ಉಳಿಯಿತು, ದನಿ ಮೊದಲಿನಂತೆ ಉಳಿಯಲಿಲ್ಲ. ಅಕ್ಷರಗಳು ತೊದಲಿದವು, ಕೆಲವು ಮಾತು ಬಿಡಿಸಿಕೊಳ್ಳುವುದೇ ಕಷ್ಟ. ದನಿಯೇ ಬಂಡವಾಳವಾದ ಚಿತ್ರರಂಗದಲ್ಲಿ ಅಂಥ ನಟನ ಕಥೆ ಅಲ್ಲಿಗೆ ಮುಗಿಯಬೇಕಿತ್ತು. ಎಂ.ಜಿ.ಆರ್. ತಮ್ಮ ದನಿಯಲ್ಲೇ ಮಾತನಾಡುತ್ತ ಹೋದರು. ಅದೇ ವರ್ಷ ಬಂದ ‘ಕಾವಲ್ಕಾರನ್’ನಲ್ಲಿ ಆ ಬದಲಾದ ದನಿಯನ್ನು ಕೇಳಬಹುದು. ಜನ ಅದನ್ನು ಕೊರತೆ ಎಂದುಕೊಳ್ಳಲಿಲ್ಲ, ಮನೆಯವರೊಬ್ಬರಿಗೆ ಆದ ಗಾಯ ಎಂದುಕೊಂಡರು. ಮುಂದೆ ಹತ್ತು ವರ್ಷ ಅವರು ಅದೇ ದನಿಯಲ್ಲಿ ನಾಯಕನಾಗಿದ್ದರು, ಆಮೇಲೆ ಸಾಯುವ ತನಕ ಅದೇ ದನಿಯಲ್ಲಿ ಮುಖ್ಯಮಂತ್ರಿಯೂ ಆಗಿದ್ದರು. ತಮಿಳು ಪ್ರೇಕ್ಷಕರು ತಮ್ಮ ಕಲಾವಿದರ ದನಿಯನ್ನು ಎಷ್ಟು ಹತ್ತಿರದ್ದೆಂದು ತಿಳಿದಿದ್ದರು ಎಂಬುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ನನಗೆ ತೋಚುವುದಿಲ್ಲ.

ಗುಂಡು ಹಾರಿಸಿದ ಎಂ.ಆರ್. ರಾಧಾ ಕೂಡ ಮಹಾನಟ. ಅವರ ‘ರತ್ತ ಕಣ್ಣೀರ್’ ಮೊದಲು ನಾಟಕ, 1954ರಲ್ಲಿ ಚಿತ್ರ. ವಿದೇಶದಿಂದ ಬಂದ ಸೊಕ್ಕಿನ ಸಿರಿವಂತ ಮೋಹನಸುಂದರಂ ಕುಷ್ಠರೋಗಿಯಾಗಿ, ಕುರುಡನಾಗಿ ಬೀದಿಗೆ ಬೀಳುವ ಕಥೆ. ಗಡಸು ಗಂಟಲು ಒಂದೇ ವಾಕ್ಯದಲ್ಲಿ ಥಟ್ಟನೆ ಕೀರಲಾಗುತ್ತದೆ, ಮತ್ತೆ ಗಡಸಿಗೆ ಇಳಿಯುತ್ತದೆ. ಆ ಮಾತಿನ ಓಟವನ್ನು ಬೇರೆ ಯಾರೂ ಸರಿಗಟ್ಟಲಿಲ್ಲ. ಅರ್ಧ ಶತಮಾನದ ನಂತರ, 2003ರಲ್ಲಿ, ಉಪೇಂದ್ರ ಅದನ್ನು ‘ರಕ್ತ ಕಣ್ಣೀರು’ ಎಂದು ಕನ್ನಡಕ್ಕೆ ತಂದಾಗ ನಮ್ಮ ಹುಡುಗರು ಅದರ ಮಾತುಗಳನ್ನು ಬಾಯಿಪಾಠ ಮಾಡಿಕೊಂಡಿದ್ದು ನಿಮಗೆ ನೆನಪಿರಬಹುದು. ಅದರ ಬೇರು ಇಲ್ಲಿದೆ.

ನಗಿಸಿದವರ ವಿಷಯಕ್ಕೆ ಬರೋಣ. ನಾಗರಕೋವಿಲಿನ ಎನ್.ಎಸ್. ಕೃಷ್ಣನ್ ವಿಲ್ಲುಪಾಟ್ಟಿನ, ಅಂದರೆ ಬಿಲ್ಲು ಬಾರಿಸುತ್ತ ಕಥೆ ಹಾಡುವ ಕಲೆಯ, ಹಿನ್ನೆಲೆಯವರು. ಪತ್ನಿ ಟಿ.ಎ. ಮಧುರಂ ಜೊತೆ ಅವರು ನಡೆಸುತ್ತಿದ್ದ ಸಂವಾದಗಳಲ್ಲಿ ನಗುವಿನ ಜೊತೆಗೆ ವಿಚಾರವೂ ಇರುತ್ತಿತ್ತು. ಬಾಲಯ್ಯನವರ ಬಗ್ಗೆ ಆಗಲೇ ಹೇಳಿದೆ. ಆದರೆ 1964ರ ‘ಕಾದಲಿಕ್ಕ ನೇರಮಿಲ್ಲೈ’ ಚಿತ್ರದ ಒಂದು ದೃಶ್ಯವನ್ನು ಹೇಳದೆ ಮುಂದೆ ಹೋಗಲಾರೆ. ಶ್ರೀಧರ್ ನಿರ್ದೇಶನದ ಚಿತ್ರ. ಸಿನಿಮಾ ತೆಗೆಯುವ ಕನಸು ಕಾಣುವ ಮಗ ಚೆಲ್ಲಪ್ಪನಾಗಿ ನಾಗೇಶ್, ಹಣವಂತ ತಂದೆಯಾಗಿ ಬಾಲಯ್ಯ. ಮಗ ತಂದೆಗೆ ಒಂದು ಭೂತದ ಕಥೆ ಹೇಳುತ್ತಾನೆ. ಬಾಗಿಲು ಕಿರ್ ಎನ್ನುವುದು, ಗಾಳಿ ಬೀಸುವುದು, ಯಾರೋ ಹೆಜ್ಜೆ ಹಾಕುವುದು, ಎಲ್ಲ ಸದ್ದೂ ನಾಗೇಶ್ ಬಾಯಿಂದಲೇ. ಕಥೆಯಲ್ಲಿ ಕಥೆಯೇ ಇಲ್ಲ, ಸದ್ದು ಮಾತ್ರ. ಎದುರಿಗೆ ಬಾಲಯ್ಯ ಒಂದೂ ಮಾತಿಲ್ಲದೆ ಬರೀ ಉಸಿರಿನಲ್ಲಿ, ಗಂಟಲಿನ ಸಣ್ಣ ಸಣ್ಣ ಸದ್ದುಗಳಲ್ಲಿ ಹೆದರುತ್ತ ಹೋಗುತ್ತಾರೆ. ಒಬ್ಬನೇ ನಟ ಎಷ್ಟು ಚೆನ್ನಾಗಿ ನಗಿಸಿದರೂ ಆ ದೃಶ್ಯ ಆಗುತ್ತಿರಲಿಲ್ಲ. ಹೇಳುವವನಷ್ಟೇ ಕೇಳುವವನೂ ಕಲಾವಿದನಾಗಬೇಕು. ಕಂಪನಿ ನಾಟಕ ಕಲಿಸಿದ ಪಾಠ ಅದು, ಎದುರಿನವನ ಮಾತು ಮುಗಿಯುವವರೆಗೆ ನಿನ್ನ ಮೈಯೆಲ್ಲ ಕಿವಿಯಾಗಿರಲಿ ಎಂಬ ಪಾಠ.

ನಾಗೇಶ್ ಅವರ ಮನೆಮಾತು ಕನ್ನಡ. ಧಾರಾಪುರದಲ್ಲಿ ಬೆಳೆದ ಮಾಧ್ವ ಕುಟುಂಬದ ನಾಗೇಶ್ವರ ಗುಂಡೂರಾವ್ ರೈಲ್ವೆಯಲ್ಲಿ ಗುಮಾಸ್ತರಾಗಿದ್ದುಕೊಂಡೇ ಹವ್ಯಾಸಿ ನಾಟಕಗಳಲ್ಲಿ ಪಳಗಿದವರು. ಅವರೊಬ್ಬರೇ ಅಲ್ಲ. ಈ ಮಾತನ್ನು ನಾನು ಒತ್ತಿ ಹೇಳಬೇಕು. ತಮಿಳಿನ ದನಿಯನ್ನು ಇಷ್ಟು ಚೆಂದಗೊಳಿಸಿದವರಲ್ಲಿ ಎಷ್ಟೋ ಜನರ ಮನೆಮಾತು ತಮಿಳಲ್ಲ. ಎಂ.ಜಿ.ಆರ್. ಮಲಯಾಳಿ ಕುಟುಂಬದವರು, ಎಂ.ಎಸ್. ವಿಶ್ವನಾಥನ್ ಕೂಡ. ನಟಿ ಸಾವಿತ್ರಿ, ಗಾಯಕಿ ಪಿ. ಸುಶೀಲಾ ತೆಲುಗಿನವರು. ತಮಿಳಿನ ಗಂಡುದನಿ ಎಂದರೆ ಇವರೇ ಎನ್ನಿಸಿಕೊಂಡ ಸೌಂದರರಾಜನ್ ಅವರ ಮನೆಯಲ್ಲಿ ಸೌರಾಷ್ಟ್ರಿ ಮಾತು. ಕಲಿತು ಆಡಿದ ಭಾಷೆಯಾದ್ದರಿಂದ ಅವರು ಒಂದೊಂದು ಅಕ್ಷರವನ್ನೂ ಎಚ್ಚರದಿಂದ ಆಡಿದರು ಎಂದು ನನಗೆ ಅನ್ನಿಸುತ್ತದೆ.

ಬಿ. ಸರೋಜಾದೇವಿಯವರು ಮಾತ್ರ ಬೇರೆ ದಾರಿ ಹಿಡಿದರು. 1955ರ ‘ಮಹಾಕವಿ ಕಾಳಿದಾಸ’ದಿಂದ ಬಂದ ಬೆಂಗಳೂರಿನ ಹುಡುಗಿ, 1958ರಲ್ಲಿ ಎಂ.ಜಿ.ಆರ್. ತಾವೇ ನಿರ್ದೇಶಿಸಿದ ‘ನಾಡೋಡಿ ಮನ್ನನ್’ನಲ್ಲಿ ಕಾಣಿಸಿಕೊಂಡು ತಮಿಳರ ಮನೆಮಗಳಾದರು. ಅವರ ತಮಿಳಿನಲ್ಲಿ ಕನ್ನಡದ ರಾಗ ಕೊನೆಯವರೆಗೂ ಉಳಿಯಿತು. ಮಾತಿನ ಶುದ್ಧಿಗೆ ಅಷ್ಟು ಬೆಲೆ ಕೊಟ್ಟ ಚಿತ್ರರಂಗ ಆ ಮುದ್ದು ಉಚ್ಚಾರಣೆಯನ್ನು ತಿದ್ದಲು ಹೋಗದೆ ‘ಕನ್ನಡತ್ತು ಪೈಂಗಿಳಿ’, ಅಂದರೆ ಕನ್ನಡದ ಹಸಿರು ಗಿಳಿ, ಎಂದು ಬಿರುದು ಕೊಟ್ಟು ಕೂರಿಸಿಕೊಂಡಿತು. 1964ರ ‘ಪುದಿಯ ಪರವೈ’ಯಲ್ಲಿ ಅವರು ಶಿವಾಜಿಯನ್ನು ‘ಗೋಪಾಲ್’ ಎಂದು ಎಳೆದು ಕರೆಯುವ ರೀತಿಯನ್ನು ಅನುಕರಿಸದ ಮಿಮಿಕ್ರಿ ಕಲಾವಿದ ತಮಿಳುನಾಡಿನಲ್ಲಿ ಸಿಗುವುದು ಕಷ್ಟ. 2025ರ ಜುಲೈ 14ರಂದು ಅವರು ಬೆಂಗಳೂರಿನಲ್ಲಿ ತೀರಿಕೊಂಡಾಗ ಎರಡು ರಾಜ್ಯಗಳೂ ಒಟ್ಟಿಗೆ ಅತ್ತವು.

ಸಾವಿತ್ರಿಯವರದು ಇನ್ನೊಂದು ಎತ್ತರ. 1961ರ ‘ಪಾಶಮಲರ್’ನಲ್ಲಿ ಅಣ್ಣನಾಗಿ ಶಿವಾಜಿ, ತಂಗಿಯಾಗಿ ಸಾವಿತ್ರಿ. ಶಿವಾಜಿಯ ಎದುರು ನಿಂತು ಪ್ರೇಕ್ಷಕರ ಕಣ್ಣನ್ನು ತನ್ನ ಕಡೆಗೆ ತಿರುಗಿಸಿಕೊಳ್ಳಬಲ್ಲವರು ಬಹಳ ಕಡಿಮೆ. ಸಾವಿತ್ರಿ ಅದನ್ನು ದನಿ ಎತ್ತದೆ ಮಾಡಿದರು. ಶಿವಾಜಿಯ ನೂರನೆಯ ಚಿತ್ರ, 1964ರ ‘ನವರಾತ್ರಿ’ಯಲ್ಲಿ ಶಿವಾಜಿಯದೇ ಒಂಬತ್ತು ಪಾತ್ರ. ಜಾಹೀರಾತಿನಲ್ಲೆಲ್ಲ ಅದೇ ದೊಡ್ಡದಾಗಿತ್ತು. ನನಗೆ ಆ ಚಿತ್ರ ಸಾವಿತ್ರಿಯದು. ಒಂಬತ್ತು ರಾತ್ರಿ ಒಂಬತ್ತು ಬಗೆಯ ಗಂಡಸರನ್ನು ಕಾಣುತ್ತ ಹೋಗುವ ಒಂದೇ ಹೆಣ್ಣು. ಹುಚ್ಚಿಯಂತೆ ನಟಿಸಬೇಕಾದಾಗ ಬೇರೆ ದನಿ, ತೆರುಕ್ಕೂತ್ತಿನ, ಅಂದರೆ ಬೀದಿಯಾಟದ, ರಂಗಕ್ಕೆ ಏರಬೇಕಾದಾಗ ಬೇರೆ ದನಿ. ಮನೋರಮಾ ಕೂಡ ಇದೇ ಸಾಲಿನವರು. 1968ರ ‘ತಿಲ್ಲಾನಾ ಮೋಹನಾಂಬಾಳ್’ನ ಜಿಲ್ ಜಿಲ್ ರಮಾಮಣಿಯಾಗಿ ಊರೂರು ತಿರುಗುವ ನಾಟಕದವಳೊಬ್ಬಳ ಮಾತು, ಬಿಂಕ, ಒಳಗಿನ ನೋವು ಎಲ್ಲವನ್ನೂ ಅವರು ಕೆಲವೇ ದೃಶ್ಯಗಳಲ್ಲಿ ತಂದಿದ್ದಾರೆ.

ಆ ಕಾಲದ ಎಲ್ಲ ಚಿತ್ರಗಳನ್ನೂ ನಾನು ಹೊಗಳಲಾರೆ. ಹೆಂಡತಿಗೆ ಬುದ್ಧಿ ಕಲಿಸುವುದೇ ಕಥೆಯಾದ ಚಿತ್ರಗಳು ಬೇಕಾದಷ್ಟಿವೆ. ಓದಿದ ಹೆಣ್ಣನ್ನು ಸೊಕ್ಕಿನವಳೆಂದು ತೋರಿಸಿ ಕೊನೆಯಲ್ಲಿ ನಾಯಕನ ಕಾಲಿಗೆ ಬೀಳಿಸುವ ದೃಶ್ಯಗಳು ಆಗಲೂ ತಪ್ಪು, ಈಗಲೂ ತಪ್ಪು. ಅವುಗಳಲ್ಲಿ ಒಳ್ಳೆಯ ಹಾಡುಗಳಿದ್ದರೆ ಹಾಡು ಕೇಳಿ ಸುಮ್ಮನಾಗುತ್ತೇನೆ.

ಹಾಡಿನ ಮಾತು ಬಂತು. 1954ರಲ್ಲಿ ಸೌಂದರರಾಜನ್ ‘ತೂಕ್ಕು ತೂಕ್ಕಿ’ಯಲ್ಲಿ ಶಿವಾಜಿಗೆ ಹಾಡಿದರು, ‘ಮಲೈಕ್ಕಳ್ಳನ್’ನಲ್ಲಿ ಎಂ.ಜಿ.ಆರ್.ಗೆ ಹಾಡಿದರು. ಅಲ್ಲಿಂದ ಎರಡು ದಶಕ ಇಬ್ಬರಿಗೂ ಅವರದೇ ಕಂಠ. ಹಾಡು ಶುರುವಾದ ಕೂಡಲೇ, ಪರದೆ ನೋಡದೆಯೇ, ಇದು ಶಿವಾಜಿಯದು, ಇದು ಎಂ.ಜಿ.ಆರ್.ದು ಎಂದು ರೇಡಿಯೊ ಕೇಳುಗರು ಹೇಳಿಬಿಡುತ್ತಿದ್ದರು. ಶಿವಾಜಿಗೆ ಹಾಡುವಾಗ ದನಿ ಎದೆಯಾಳದಿಂದ ತುಂಬಿ ಬರುತ್ತದೆ, ಎಂ.ಜಿ.ಆರ್.ಗೆ ಹಾಡುವಾಗ ಹಗುರಾಗಿ, ಮುಂದಕ್ಕೆ ನೆಗೆದು ಬರುತ್ತದೆ. ಜೆಮಿನಿ ಗಣೇಶನ್ ಅವರ ಮೃದು ಪಾತ್ರಗಳಿಗೆ ಪಿ.ಬಿ. ಶ್ರೀನಿವಾಸ್. ಅದೇ ಪಿ.ಬಿ. ಶ್ರೀನಿವಾಸ್ ನಮಗೆ ರಾಜಕುಮಾರ್ ಅವರ ಹಾಡುದನಿಯಾಗಿದ್ದವರು. ಕನ್ನಡದ ಕಿವಿಗೆ ರಾಜಕುಮಾರ್ ಆಗಿ ಕೇಳುವ ಕಂಠವೇ ತಮಿಳಿನ ಕಿವಿಗೆ ಜೆಮಿನಿಯಾಗಿ ಕೇಳುತ್ತಿತ್ತು. ಈ ಹಾಡುಗಳಿಗೆ ಕಣ್ಣದಾಸನ್ ಬರೆದ ಮಾತುಗಳು ಎಷ್ಟು ಸರಳವೆಂದರೆ ಹೊಲದಲ್ಲಿ ದುಡಿಯುವವರಿಗೂ ತಮ್ಮದೇ ಅನುಭವವೆಂದು ಅನ್ನಿಸುತ್ತಿತ್ತು. ಸಾವು, ಸಾಲ, ಪ್ರೀತಿ, ಮೋಸ, ಯಾವ ಗಳಿಗೆಗೂ ಒಂದು ಕಣ್ಣದಾಸನ್ ಹಾಡು ಇದೆ ಎಂದು ತಮಿಳರು ಹೇಳುತ್ತಾರೆ. ವಿಶ್ವನಾಥನ್–ರಾಮಮೂರ್ತಿ ಜೋಡಿ 1965ರಲ್ಲಿ ಬೇರೆಯಾಯಿತು. ಜೊತೆಯಾಗಿದ್ದ ಹದಿಮೂರು ವರ್ಷಗಳಲ್ಲಿ ಅವರು ಕೊಟ್ಟ ರಾಗಗಳಿಂದಲೇ ಇವತ್ತಿಗೂ ಎಷ್ಟೋ ವಾದ್ಯಗೋಷ್ಠಿಗಳು ನಡೆಯುತ್ತವೆ.

‘ತಿಲ್ಲಾನಾ ಮೋಹನಾಂಬಾಳ್’ ಬಗ್ಗೆ ಇನ್ನೊಂದು ಮಾತು. ಕೊತ್ತಮಂಗಲಂ ಸುಬ್ಬು ‘ಆನಂದ ವಿಕಟನ್’ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬರೆದ ಕಥೆ. ನಾಗಸ್ವರ ವಿದ್ವಾಂಸ ಷಣ್ಮುಗಸುಂದರಂ ಮತ್ತು ನರ್ತಕಿ ಮೋಹನಾ ನಡುವಿನ ಸ್ಪರ್ಧೆ ಮತ್ತು ಪ್ರೇಮ. ನಾಗಸ್ವರ ನುಡಿಸಿದವರು ಮಧುರೆಯ ಎಂ.ಪಿ.ಎನ್. ಸೇತುರಾಮನ್, ಪೊನ್ನುಸಾಮಿ ಸಹೋದರರು. ಶಿವಾಜಿ ಅವರ ಬಳಿ ಕುಳಿತು ಬೆರಳಿನ ಚಲನೆ, ಕೆನ್ನೆ ಉಬ್ಬುವ ರೀತಿ, ಉಸಿರು ಬದಲಿಸುವ ಕ್ಷಣ ಎಲ್ಲವನ್ನೂ ಕಲಿತರು. ನಾಗಸ್ವರ ಬಲ್ಲವರೂ ತಪ್ಪು ಹಿಡಿಯಲಾರದಷ್ಟು ಕಲಿತರು. ಮೋಹನಾ ಆದ ಪದ್ಮಿನಿಯ ಗೆಜ್ಜೆ, ಶಿವಾಜಿಯ ಉಸಿರು, ತವಿಲು ಹಿಡಿದು ಕುಳಿತ ಬಾಲಯ್ಯ. ನಮ್ಮ ಊರ ಜಾತ್ರೆಗಳಲ್ಲಿ ಡೋಲು ನಾಗಸ್ವರ ಕೇಳಿ ಬೆಳೆದವರು ಈ ಚಿತ್ರವನ್ನು ತಪ್ಪದೆ ಕೇಳಬೇಕು. ನೋಡಬೇಕು ಎಂದು ಹೇಳಬೇಕಿತ್ತು, ಆದರೆ ಕೇಳಬೇಕು ಎಂಬುದೇ ನನ್ನ ಬಾಯಿಗೆ ಬರುತ್ತದೆ.

ಟೆಲಿವಿಷನ್ ಮನೆಮನೆಗೆ ಬರುವ ಮೊದಲು ತಮಿಳು ಬಾನುಲಿಯಲ್ಲಿ ‘ಒಲಿಚ್ಚಿತ್ತಿರಂ’ ಎಂಬ ಕಾರ್ಯಕ್ರಮ ಬರುತ್ತಿತ್ತು. ಒಂದು ಚಲನಚಿತ್ರದ ಮಾತು, ಹಾಡು, ಸದ್ದುಗಳನ್ನಷ್ಟೇ ಜೋಡಿಸಿ ಇಡೀ ಕಥೆಯನ್ನು ಕೇಳಿಸುವುದು. ಜನ ಕೆಲಸ ಬಿಟ್ಟು ರೇಡಿಯೊ ಸುತ್ತ ಕೂರುತ್ತಿದ್ದರು. ಪಾಕ್ ಜಲಸಂಧಿಯ ಆಚೆಯಿಂದ ಸಿಲೋನ್ ರೇಡಿಯೊದ ತಮಿಳು ಪ್ರಸಾರ ಅದೇ ಹಾಡುಗಳನ್ನು ಈಚೆಗೆ ಕಳುಹಿಸುತ್ತಿತ್ತು. ಕೋಲಾರದ ಚಿನ್ನದ ಗಣಿಯ ಸಾಲುಮನೆಗಳಲ್ಲಿ, ಬೆಂಗಳೂರಿನ ಹಲಸೂರಿನ ಬೀದಿಗಳಲ್ಲಿ ಆ ಹಾಡುಗಳನ್ನು ಕೇಳಿ ಬೆಳೆದ ಕನ್ನಡಿಗರೂ ಇದ್ದಾರೆ. ಅವರಲ್ಲಿ ಅನೇಕರು ಈಗ ಈ ಮಾತನ್ನು ಕೇಳುತ್ತಿರಬಹುದು.

2012ರಲ್ಲಿ ‘ಕರ್ಣನ್’ ಚಿತ್ರವನ್ನು ಹೊಸ ತಂತ್ರದಿಂದ ಶುದ್ಧಗೊಳಿಸಿ, ಅದರ ಧ್ವನಿಪಥವನ್ನೂ ಸರಿಪಡಿಸಿ, ಮತ್ತೆ ಬಿಡುಗಡೆ ಮಾಡಿದರು. 48 ವರ್ಷ ಹಳೆಯ ಚಿತ್ರ ಚೆನ್ನೈಯಲ್ಲಿ ನೂರು ದಿನ ದಾಟಿ ಓಡಿತು. ಶಿವಾಜಿ ಬದುಕಿದ್ದಾಗ ಹುಟ್ಟಿಯೇ ಇರದ ಮಕ್ಕಳು ಅಜ್ಜ ಅಜ್ಜಿಯರ ಕೈಹಿಡಿದು ಬಂದರು. ಆಮೇಲೆ ಇನ್ನಷ್ಟು ಹಳೆಯ ಚಿತ್ರಗಳು ಹಾಗೆಯೇ ಮರಳಿದವು.

ಆದರೆ ಎಲ್ಲ ಚಿತ್ರಗಳಿಗೂ ಆ ಭಾಗ್ಯ ಇಲ್ಲ. ‘ಕಾಳಿದಾಸ್’ ಚಿತ್ರದ ಒಂದು ಪ್ರತಿಯೂ ಉಳಿದಿಲ್ಲ. ಅದರ ನಾಯಕಿ ರಾಜಲಕ್ಷ್ಮಿಯವರು 1936ರಲ್ಲಿ ತಾವೇ ನಿರ್ದೇಶಿಸಿದ ‘ಮಿಸ್ ಕಮಲಾ’ ಕೂಡ ಉಳಿದಿಲ್ಲ. ದಕ್ಷಿಣ ಭಾರತದಲ್ಲಿ ಹೆಣ್ಣೊಬ್ಬಳು ನಿರ್ದೇಶಿಸಿದ ಮೊದಲ ಚಿತ್ರ ಅದು, ನಮಗೆ ನೋಡಲು ಸಿಗುವುದಿಲ್ಲ. ಬೆಂಕಿಗೆ ಬೇಗ ತುತ್ತಾಗುವ ನೈಟ್ರೇಟ್ ಫಿಲ್ಮು, ಸೆಖೆ, ಕಾಪಾಡಬೇಕೆಂಬ ಯೋಚನೆಯೇ ಇಲ್ಲದ ಕಾಲ. ಆ ಕಾಲದ ಹಲವು ಚಿತ್ರಗಳಲ್ಲಿ ಇವತ್ತು ಉಳಿದಿರುವುದು ಅಂದು ಎರಡು ಕಾಸಿಗೆ ಮಾರಿದ ಪಾಟ್ಟುಪುಸ್ತಕಗಳು, ಗ್ರಾಮೊಫೋನ್ ತಟ್ಟೆಗಳು ಮಾತ್ರ. ನಿಮ್ಮ ಮನೆಯ ಅಟ್ಟದ ಮೇಲೆ, ಹಳೆಯ ಟ್ರಂಕಿನಲ್ಲಿ ಅಂಥ ತಟ್ಟೆಗಳೋ ಹಾಡಿನ ಪುಸ್ತಕಗಳೋ ಇದ್ದರೆ, ತಮಿಳಿನವಾಗಲಿ ಕನ್ನಡದವಾಗಲಿ, ದಯವಿಟ್ಟು ತೂಕಕ್ಕೆ ಹಾಕಬೇಡಿ. ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯವಿದೆ, ಊರೂರಲ್ಲಿ ಹಳೆಯ ತಟ್ಟೆಗಳನ್ನು ಜೋಪಾನ ಮಾಡುವ ಸಂಗ್ರಾಹಕರಿದ್ದಾರೆ. ಅವರ ಕೈಗೆ ತಲುಪಿಸಿ.